ಆ ದಡದ ಕೆಂಪು ಟವೆಲ್

ಪೈಪ್‌ಸ್ಟೆಮ್ ಕೆರೆ
21 ಮೇ 1984

ಡೆಸ್ಮಂಡ್,

ಕಾಟೇಜು ತೆರೆದಾಯಿತು. ಹಿಮದ ಭಾರಕ್ಕೆ ಅಡುಗೆಮನೆಯ ಸೂರು ಒಂದು ಮೂಲೆಯಲ್ಲಿ ತಗ್ಗಿದೆ, ಉಳಿದದ್ದೆಲ್ಲ ನೆಟ್ಟಗಿದೆ. ಚಮಚದ ಡ್ರಾಯರಿನಲ್ಲಿ ಇಲಿ ಮರಿ ಹಾಕಿತ್ತು. ನಿನ್ನ ಉಣ್ಣೆಯ ಕಾಲುಚೀಲವನ್ನು ಹರಿದು ಗೂಡು ಮಾಡಿಕೊಂಡಿದೆ. ಇನ್ನೊಂದು ಕಾಲಿನದನ್ನು ಬಾಗಿಲ ಹಿಂದೆ ತೂಗುಹಾಕಿದ್ದೇನೆ, ಬೇಕಿದ್ದರೆ ತೆಗೆದುಕೋ.

ಪಂಪು ನೀರೆತ್ತುತ್ತಿದೆ. ದೋಣಿ ಕಟ್ಟುವ ತೇಲು ಹಲಗೆಕಟ್ಟೆಯನ್ನು ಟಟಲ್ ಬಂದು ನೀರಿಗಿಳಿಸಿ ಹೋದರು. ಅವರ ದೋಣಿ ಅಂಗಡಿ ಈ ವರ್ಷವೂ ತೆರೆದಿದೆ, ಅವರ ಬಾಯಿಯೂ. ನಮ್ಮ ದೋಣಿ ಸೋರುತ್ತಿಲ್ಲ. ಆದರೆ ಹುಟ್ಟು ಕೂರುವ ಕಬ್ಬಿಣದ ಬಳೆಗಳು ಆಚೆ ದಡಕ್ಕೂ ಕೇಳುವಂತೆ ಕಿರುಗುಟ್ಟುತ್ತವೆ. ಜುಲೈನಲ್ಲಿ ಬಂದಾಗ ಗ್ರೀಸ್ ಹಚ್ಚು. ಹೋದ ವರ್ಷವೂ ಹೇಳಿದ್ದೆ.

ಇನ್ನೊಂದು ವಿಷಯ. ನಮ್ಮ ಬ್ರೈಡಿಗೆ ಜೂನ್ ಕೊನೆಯಲ್ಲಿ ಹನ್ನೆರಡು ತುಂಬುತ್ತದೆ. ಹಾಗಾಗಿ ಅವಳು ಕೆರೆ ದಾಟುವ ಬೇಸಿಗೆ ಇದೇ. ನನ್ನ ತಾತ ಇಟ್ಟುಹೋದ ಕ್ರಮ ನಿನಗೆ ಗೊತ್ತು. ಮಗು ನಮ್ಮ ಕಟ್ಟೆಯಿಂದ ಎದುರಿನ ಬಂಡೆಯವರೆಗೆ ಈಜಬೇಕು, ಹಿಂದೆ ದೋಣಿಯಲ್ಲಿ ಮನೆಯವರೊಬ್ಬರು ಇರಬೇಕು, ಬಂಡೆಯ ಮೇಲೆ ಇನ್ನೊಬ್ಬರು ಕೆಂಪು ಟವೆಲ್ ಹಿಡಿದು ನಿಂತಿರಬೇಕು. ಈಜುವವರು ಹಿಂದೆ ತಿರುಗಿ ನೋಡಬಾರದು, ದೋಣಿಯವರು ಕೂಗಬಾರದು. ಮುಗಿದ ಮೇಲೆ ದೋಣಿಮನೆಯ ತೊಲೆಯ ಮೇಲೆ ಹೆಸರು ಬರೆಯುತ್ತೇವೆ. ನನ್ನ ಅಣ್ಣನ ಮಕ್ಕಳೆಲ್ಲರ ಹಿಂದೆ ದೋಣಿ ತಂದವನು ನೀನೇ. ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ. ಈಗ ಎಲ್ಲವನ್ನೂ ಬರೆದಿಡುವುದು ಒಳ್ಳೆಯದಂತೆ.

ನಾವು ಬೇರೆಯಾದಾಗ ವಕೀಲರು ಕೊಟ್ಟ ಹಾಳೆಯಲ್ಲಿ ಜುಲೈ ನಿನ್ನದು, ಆಗಸ್ಟ್ ನನ್ನದು. ದಾಟುವುದು ಯಾರ ಪಾಲಿಗೆ ಎಂದು ಅದರಲ್ಲಿ ಇಲ್ಲ.

ವಿಲ್ಮಾ

*

ಹ್ಯಾಮಿಲ್ಟನ್
4 ಜೂನ್ 1984

ವಿಲ್ಮಾ,

ಕಾಗದ ತಲುಪಿತು. ಒಂಟಿ ಕಾಲುಚೀಲವನ್ನೂ ಇಲಿಗೇ ಕೊಡು.

ಗ್ರೀಸ್ ಹಚ್ಚುತ್ತೇನೆ.

ದಾಟುವುದನ್ನು ಜುಲೈನಲ್ಲೇ ಮುಗಿಸಿಬಿಡೋಣ ಎನಿಸುತ್ತದೆ. ಆಗ ನೀರು ಬೆಚ್ಚಗಾಗಿರುತ್ತದೆ, ಗಾಳಿಯೂ ಕಡಿಮೆ. ದೋಣಿಯಲ್ಲಿ ನಾನಿರುತ್ತೇನೆ. ನನಗೆ ಎದೆಮಟ್ಟಕ್ಕಿಂತ ಆಳದ ನೀರು ಆಗದು, ಆದರೆ ಹುಟ್ಟು ಹಾಕುವುದರಲ್ಲಿ ನಿಮ್ಮ ಮನೆಯವರು ಯಾರೂ ನನ್ನಲ್ಲಿ ತಪ್ಪು ಹಿಡಿದಿಲ್ಲ. ಟವೆಲ್ ಹಿಡಿಯಲು ಟಟಲ್ ಅವರನ್ನು ಕೇಳಬಹುದು.

ಇಲ್ಲಿ ಆಸ್ಪತ್ರೆಯೊಂದರ ಲಿಫ್ಟ್ ಕೆಟ್ಟು ಕೂತಿದೆ. ನಾನು ಅದರ ಗುಂಡಿಯೊಳಗೆ ಕೂತು ಊಟದ ಬಿಡುವಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಹಾಳೆಯ ಮೇಲಿನ ಕಲೆ ಎಣ್ಣೆಯದು.

ಡೆಸ್ಮಂಡ್

*

ಗ್ವೆಲ್ಫ್
12 ಜೂನ್ 1984

ಡೆಸ್ಮಂಡ್,

ಟಟಲ್ ಬೇಡ. ಅವರು ಟವೆಲನ್ನು ಯಾವುದಾದರೂ ಕೊಂಬೆಗೆ ಸಿಕ್ಕಿಸಿ ಮೀನು ಹಿಡಿಯಲು ಹೋಗುತ್ತಾರೆ. ನಾನು ದಾಟಿದಾಗ ಆ ಕಡೆ ನನ್ನ ಅಪ್ಪ ನಿಂತಿದ್ದರು. ಸಾಕು ಸಾಕಾಗಿ ತಲೆಯೆತ್ತಿದಾಗಲೆಲ್ಲ ಟವೆಲ್ ಅಲುಗಾಡುತ್ತಿತ್ತು. ನೀರಿನ ಮಟ್ಟದಿಂದ ನೋಡುವವರಿಗೆ ಬಂಡೆಯೂ ಕಾಣದು, ಮನುಷ್ಯನೂ ಕಾಣದು, ಅದೊಂದೇ ಕಾಣುವುದು.

ಆಗಸ್ಟ್‌ನಲ್ಲಿ ನನ್ನ ತಂಗಿ ಐರೀನ್ ಬರುತ್ತಾಳೆ. ಅವಳು ಟವೆಲ್ ಹಿಡಿಯಲಿ, ನಾನು ದೋಣಿಯಲ್ಲಿರುತ್ತೇನೆ. ಇದರಲ್ಲಿ ನಿನ್ನನ್ನು ಹೊರಗಿಡುವ ಉದ್ದೇಶವಿಲ್ಲ. ಲೆಕ್ಕಾಚಾರ ಹಾಗೆ ಬರುತ್ತದೆ.

ಬ್ರೈಡಿಯನ್ನು ಕೇಳಿದೆ. ಅವಳು ಜೋಳದ ತೆನೆ ಕಡಿಯುತ್ತಾ, "ನೀವಿಬ್ರೂ ಹೇಗಾದ್ರೂ ಮಾಡ್ಕೊಳ್ಳಿ" ಎಂದಳು.

ವಿಲ್ಮಾ

*

ಪೈಪ್‌ಸ್ಟೆಮ್ ಕೆರೆ
15 ಜುಲೈ 1984

ವಿಲ್ಮಾ,

ಇಲ್ಲಿ ಎಲ್ಲ ಸರಿಯಾಗಿದೆ. ಪಂಪು ಒಮ್ಮೆ ಕೈಕೊಟ್ಟಿತು. ತಂದಿದ್ದ ಗ್ರೀಸ್ ಪೂರ್ತಿ ಅದಕ್ಕೇ ಹೋಯಿತು. ದೋಣಿ ಇನ್ನೂ ಕಿರುಗುಟ್ಟುತ್ತಿದೆ. ನೀನು ಏನೆನ್ನುತ್ತೀಯೆಂದು ಗೊತ್ತು.

ಬ್ರೈಡಿ ಬೆಳಿಗ್ಗೆ ಎದ್ದರೆ ನೀರಿಗೆ, ಹಸಿವಾದರೆ ಮೇಲಕ್ಕೆ. ತುಟಿ ನೀಲಿಯಾಗಿದ್ದರೂ "ಚಳಿ ಎಲ್ಲಿ?" ಎನ್ನುತ್ತಾಳೆ. ಕಟ್ಟೆಯಿಂದ ನೀರಿನಲ್ಲಿ ಕಟ್ಟಿರುವ ತೆಪ್ಪಕ್ಕೆ ಹೋಗಿಬರುವುದು ಅವಳಿಗೆ ಈಗ ಲೆಕ್ಕಕ್ಕೇ ಇಲ್ಲ. ತೆಪ್ಪ ದಾಟಿ ಆಚೆಗೂ ಹೋಗುತ್ತಾಳೆ, ನಾನು ದೋಣಿಯಲ್ಲಿ ಹಿಂದೆ ಇರುತ್ತೇನೆ. ನೇರವಾಗಿ ಈಜುವ ಅಭ್ಯಾಸವಾಗಲೆಂದು ಕೆಂಪು ಟವೆಲನ್ನು ಬಂಡೆಯ ಮೇಲಿನ ಪೈನ್ ಮರಕ್ಕೆ ಕಟ್ಟಿದ್ದೇನೆ. ಬೆಳಿಗ್ಗೆ ಕಟ್ಟುವುದು, ಸಂಜೆ ಬಿಚ್ಚಿ ತರುವುದು. ಇಲ್ಲದಿದ್ದರೆ ಕೆರೆಯ ಸುತ್ತ ಇರುವವರೆಲ್ಲ ಯಾರೋ ದಾಟುತ್ತಿದ್ದಾರೆ ಎಂದುಕೊಂಡು ಮೋಟಾರು ದೋಣಿ ನಿಲ್ಲಿಸಿ ಕಾಯುತ್ತಾರೆ. ಮೊನ್ನೆ ಟಟಲ್ ಹಾಗೆಯೇ ಅರ್ಧ ಗಂಟೆ ಕಾದು ಬೈದು ಹೋದರು. "ಏನಯ್ಯಾ, ಬಟ್ಟೆ ಒಣಗ್ಹಾಕೋಕೆ ನಿಮ್ಮನೇಲಿ ಹಗ್ಗ ಇಲ್ವಾ? ನನ್ನ ಮೀನು ಅಷ್ಟೊತ್ತಿಗೆ ಮೊಮ್ಮಕ್ಕಳನ್ನ ಕಂಡಿತ್ತು!"

ಶಕ್ತಿಯ ಮಟ್ಟಿಗೆ ಅವಳು ಇಂದೇ ದಾಟಬಲ್ಲಳು. ನಿನ್ನೆ ಸಂಜೆ ಕೇಳಿದೆ.

"ಭಾನುವಾರ ದಾಟ್ತೀಯೇನೇ?"

"ಆ ಕಡೆ ಯಾರು?"

"ಟಟಲ್ ತಾತನ್ನ ಕೇಳೋಣ."

"ಅವ್ರು ನಮ್ಮನೆಯವ್ರಲ್ಲ."

"ಹಾಗಾದ್ರೆ ಆಗಸ್ಟಲ್ಲಿ ದಾಟು. ಅಮ್ಮ ದೋಣಿ ತರ್ತಾಳೆ, ಐರೀನ್ ಚಿಕ್ಕಮ್ಮ ಟವೆಲ್ ಹಿಡೀತಾಳೆ."

"ಚಿಕ್ಕಮ್ಮಂಗೆ ಕನ್ನಡಕ ಇಲ್ದೆ ನೀರಲ್ಲಿ ನಾನು ಯಾವುದು, ಲೂನ್ ಹಕ್ಕಿ ಯಾವುದು ಅಂತ ಗೊತ್ತಾಗಲ್ಲ."

ನಾನು ನಕ್ಕೆ. ಅವಳು ನಗಲಿಲ್ಲ. "ಜುಲೈನಲ್ಲೂ ಇಲ್ಲ, ಆಗಸ್ಟಲ್ಲೂ ಇಲ್ಲ. ನಾನು ದಾಟಲ್ಲ ಬಿಡು" ಎಂದು ಒಳಗೆ ಹೋಗಿ ಜಾಲರಿ ಬಾಗಿಲನ್ನು ಎಂದಿನಂತೆ ಬಡಿದಳು.

ದಾಟದೆ ಹದಿಮೂರು ತುಂಬಿದವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದಾರೆಯೇ?

ಡೆಸ್ಮಂಡ್

*

ಪೈಪ್‌ಸ್ಟೆಮ್ ಕೆರೆ
20 ಜುಲೈ

ಅಮ್ಮ,

ಅಪ್ಪ ಪ್ಯಾನ್‌ಕೇಕ್ ಸುಡುತ್ತಾನೆ, ಆಮೇಲೆ ಅದನ್ನು ಸಿರಪ್ಪಿನಲ್ಲಿ ಮುಚ್ಚುತ್ತಾನೆ. ನನ್ನ ಕಾಲಿಗೆ ಜಿಗಣೆ ಹತ್ತಿತ್ತು, ಉಪ್ಪು ಹಾಕಿ ತೆಗೆದೆವು. ನಾನು ಕಿರುಚಲಿಲ್ಲ, ಅಪ್ಪ ಕಿರುಚಿದ. ಲೂನ್ ಹಕ್ಕಿ ತನ್ನ ಮರಿಯನ್ನು ಬೆನ್ನ ಮೇಲೆ ಕೂರಿಸಿಕೊಂಡು ಓಡಾಡುತ್ತಿದೆ.

31ನೇ ತಾರೀಕು ಅಪ್ಪ ಮಧ್ಯಾಹ್ನ ಹೊರಡುತ್ತಾನಂತೆ. ನೀನು ಸಂಜೆ ಬರುತ್ತೀಯಂತೆ. ನೀನು ಸ್ವಲ್ಪ ಬೇಗ ಬರಬಹುದಾ? ಅಥವಾ ಅಪ್ಪ ಸ್ವಲ್ಪ ತಡವಾಗಿ ಹೋಗಬಹುದಾ? ಸುಮ್ಮನೆ ಕೇಳಿದೆ.

ಬರುವಾಗ ಬೆಣ್ಣೆ ಟಾರ್ಟ್ ತಾ. ಒಣದ್ರಾಕ್ಷಿ ಇಲ್ಲದ್ದು.

ಬ್ರೈಡಿ

*

ಗ್ವೆಲ್ಫ್
25 ಜುಲೈ 1984

ಬ್ರೈಡಿ,

ಟಾರ್ಟ್ ತರುತ್ತೇನೆ. ಕೆಲಸ ಮುಗಿಸಿ ಹೊರಡುವಷ್ಟರಲ್ಲಿ ಸಂಜೆಯೇ ಆಗುತ್ತದೆ. ಟಟಲ್ ಅಂಗಡಿಯಲ್ಲಿ ಕಾಯುತ್ತಿರು. ತಲೆ ಒಣಗಿಸಿಕೊಂಡಿರು.

ಅಮ್ಮ

*

ಪೈಪ್‌ಸ್ಟೆಮ್ ಕೆರೆ
3 ಆಗಸ್ಟ್ 1984

ಡೆಸ್ಮಂಡ್,

ಇದನ್ನು ಟಟಲ್ ಬಾಯಿಂದ ಕೇಳುವ ಮೊದಲು ನನ್ನಿಂದ ತಿಳಿಯಲಿ. ಮೊದಲೇ ಹೇಳುತ್ತೇನೆ, ಬ್ರೈಡಿ ಆರೋಗ್ಯವಾಗಿದ್ದಾಳೆ. ಈಗ ಕಟ್ಟೆಯ ಮೇಲೆ ಮಲಗಿ ನೊಣ ಹೊಡೆಯುತ್ತಿದ್ದಾಳೆ.

31ರ ಸಂಜೆ ಅವಳನ್ನು ಟಟಲ್ ಅಂಗಡಿಯಿಂದ ಕರೆತಂದೆ. "ಬಾಮ್ಮಾ ವಿಲ್ಮಾ, ಒಬ್ರು ಇಳಿಸಿ ಹೋಗ್ತಾರೆ, ಇನ್ನೊಬ್ರು ಹತ್ತಿಸ್ಕೊಂಡು ಹೋಗ್ತಾರೆ. ನಾನು ಅಂಗಡಿ ಮುಚ್ಚಿ ಬಸ್ ನಿಲ್ದಾಣ ಮಾಡ್ತೀನಿ" ಎಂದರು. ನಾನು ನಗಬೇಕಾಯಿತು. ಬ್ರೈಡಿ ಟಾರ್ಟ್ ತಿಂದು ಬೇಗ ಮಲಗಿದಳು.

ಮರುದಿನ ಬೆಳಿಗ್ಗೆ ಕೆರೆಯ ಮೇಲೆ ತೆಳು ಮಂಜು ಇತ್ತು, ನೀರು ಅಲುಗಾಡುತ್ತಿರಲಿಲ್ಲ. ನಾನು ಮನೆಯ ಹಿಂದೆ ಪಂಪಿಗೆ ನೀರು ಹುಯ್ಯುತ್ತಿದ್ದೆ. ಅವಳು ಅಡುಗೆಮನೆಯಿಂದ "ಅಮ್ಮಾ, ನಾನು ಹೊರಟೆ" ಎಂದಳು. ನಾನು "ಹೂಂ, ಬಂದೆ" ಎಂದೆ. ಬೆರ್ರಿ ಕೀಳಲು ಕರೆಯುತ್ತಿದ್ದಾಳೆ ಎಂದುಕೊಂಡೆ. ಪಂಪು ನೀರು ಹಿಡಿಯುವವರೆಗೆ ಅಲ್ಲೇ ಇದ್ದೆ. ಹಿಡಿದ ಮೇಲೆ ಕೈತೊಳೆದುಕೊಂಡು ಮುಂದಕ್ಕೆ ಬಂದೆ.

ಮಂಜು ಸರಿದಿತ್ತು. ಬಂಡೆಯ ಮೇಲಿನ ಪೈನ್ ಮರದಲ್ಲಿ ಕೆಂಪು ಟವೆಲ್ ನೇತಾಡುತ್ತಿತ್ತು. ಕೆರೆಯ ನಡುವೆ ಅವಳ ತಲೆ ಕಂಡಿತು. ದೋಣಿ ಕಟ್ಟೆಗೆ ಕಟ್ಟಿದ ಹಾಗೆಯೇ ಇತ್ತು.

ಕೂಗಲಿಲ್ಲ. ಕೂಗಿದರೆ ತಿರುಗುತ್ತಾಳೆ, ತಿರುಗಿದರೆ ನೀರು ಕುಡಿಯುತ್ತಾಳೆ. ನಮ್ಮ ಮನೆಯಲ್ಲಿ ಹುಟ್ಟಿದವರು ಆ ಹೊತ್ತಿನಲ್ಲೂ ಬಾಯಿ ತೆರೆಯುವುದಿಲ್ಲ. ದೋಣಿ ಬಿಚ್ಚಿ ಹುಟ್ಟು ಹಾಕಿದೆ. ಹೇಗೆ ಹಾಕಿದೆನೋ ಗೊತ್ತಿಲ್ಲ. ದೋಣಿ ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರಬೇಕಲ್ಲ, ಹಾಗಾಗಿ ನನಗೆ ಕಾಣುತ್ತಿದ್ದುದು ನಮ್ಮ ಖಾಲಿ ಕಟ್ಟೆ ಮಾತ್ರ. ಅವಳನ್ನು ನೋಡಬೇಕೆಂದರೆ ಕೈ ನಿಲ್ಲಿಸಿ ತಿರುಗಬೇಕು. ಎರಡು ಸಲ ತಿರುಗಿದೆ. ಎರಡು ಸಲವೂ ತಲೆ ನೀರಿನ ಮೇಲಿತ್ತು.

ಮುಕ್ಕಾಲು ಕೆರೆ ದಾಟಿದ ಮೇಲೆ ಅವಳ ಹಿಂದೆ ಬಂದು ಸೇರಿದೆ. ಅವಳು ಒಮ್ಮೆಯೂ ಹಿಂದೆ ನೋಡಲಿಲ್ಲ. ಬಂಡೆ ಮುಟ್ಟಿದಳು, ಹತ್ತಿದಳು, ಟವೆಲ್ ಬಿಚ್ಚಿ ಹೊದ್ದುಕೊಂಡಳು. ಆಮೇಲೆ ಮರದ ಹಿಂದೆ ಹೋಗಿ ನೋಡಿದಳು. ಸೌದೆ ಲಾರಿಯ ಹಳೆಯ ದಾರಿಯವರೆಗೂ ಹೋಗಿ ನೋಡಿ ಬಂದಳು.

"ಅಪ್ಪ ಎಲ್ಲಿ?"

"ಹ್ಯಾಮಿಲ್ಟನ್‌ನಲ್ಲಿ."

"ಟವೆಲ್ ಇದೆಯಲ್ಲ."

ಆ ಕಡೆ ಟವೆಲ್ ಇದ್ದರೆ ಅದರ ಕೆಳಗೆ ಮನೆಯವರೊಬ್ಬರು ಇರುತ್ತಾರೆ ಎಂದೇ ಇಲ್ಲಿ ಹುಟ್ಟಿದ ಮಕ್ಕಳು ಕಲಿಯುವುದು. ದಿನಾ ಸಂಜೆ ಬಿಚ್ಚುತ್ತಿದ್ದ ಟವೆಲ್ ಬೆಳಗಾಗುತ್ತಲೇ ಮರದಲ್ಲಿ ಕಂಡದ್ದರಿಂದ, ನೀನು ಊರಿಗೆ ಹೋಗಿಲ್ಲ, ಆ ದಾರಿಯಲ್ಲಿ ಬಂದು ನಿಂತಿದ್ದೀಯ, ನಾವಿಬ್ಬರೂ ಅವಳಿಗೆ ಹೇಳದೆ ಮಾತಾಡಿಕೊಂಡಿದ್ದೇವೆ ಎಂದುಕೊಂಡಿದ್ದಳು. ನನ್ನ "ಬಂದೆ" ಕೇಳಿ ದೋಣಿ ಹಿಂದೆ ಬರುತ್ತಿದೆ ಎಂದುಕೊಂಡಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು, "ಅಮ್ಮ, ಮೊದಲು ದೋಣಿ ಸದ್ದೇ ಇರ್ಲಿಲ್ಲ. ಅಪ್ಪ ಗ್ರೀಸ್ ಹಚ್ಚಿದಾನೆ ಅಂದ್ಕೊಂಡೆ. ಆಮೇಲೆ ಕಿರ್ ಕಿರ್ ಅಂತ ಶುರುವಾಯ್ತು. ನೀನು ಯಾವಾಗ ಹೊರಟಿದ್ದು?"

ನಿಜ ಹೇಳಿದೆ.

ಅವಳು ಅಳಲಿಲ್ಲ. ಹಿಂದಿರುಗುವಾಗ ದೋಣಿಯಲ್ಲಿ ನನ್ನ ಎದುರು ಕೂತಿದ್ದಳು. "ನೀನು ದಾಟಿದ್ದು ಲೆಕ್ಕಕ್ಕಿದೆ, ತೊಲೆ ಮೇಲೆ ಹೆಸರು ಬರೆಯೋಣ" ಎಂದೆ. "ಬೇಡ. ಅರ್ಧ ಕೆರೆವರೆಗೆ ಹಿಂದೆನೂ ಯಾರೂ ಇರ್ಲಿಲ್ಲ, ಮುಂದೆನೂ ಯಾರೂ ಇರ್ಲಿಲ್ಲ" ಎಂದಳು. ಬಣ್ಣದ ಡಬ್ಬಿ ತೆರೆಯಲು ಬಿಡಲಿಲ್ಲ.

ಅಂದಿನಿಂದ ನೀರಿಗೆ ಇಳಿದಿಲ್ಲ.

ವಿಲ್ಮಾ

*

ಹ್ಯಾಮಿಲ್ಟನ್
9 ಆಗಸ್ಟ್ 1984

ವಿಲ್ಮಾ,

ನಿನ್ನ ಕಾಗದ ನಿನ್ನೆ ಬಂತು. ಇವತ್ತು ಕೆಲಸಕ್ಕೆ ಹೋಗಿದ್ದೆ, ಮಧ್ಯಾಹ್ನವೇ ವಾಪಸ್ ಬಂದೆ.

ಟವೆಲ್ ಬಿಚ್ಚಲು ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ. ಬೇಕೆಂದೇ ಬಿಟ್ಟೆ ಎಂದರೆ ಅದೂ ಸುಳ್ಳು. 30ರ ಸಂಜೆ ಅದನ್ನು ತರಲೆಂದು ದೋಣಿಯಲ್ಲಿ ಹೋದೆ. ಬಂಡೆಯ ಮೇಲೆ ಕೂತೆ. ಅಲ್ಲಿಂದ ನಮ್ಮ ಕಾಟೇಜು ಚಿಕ್ಕದಾಗಿ ಕಾಣುತ್ತದೆ, ನಿನಗೆ ಗೊತ್ತಲ್ಲ. ದೀಪ ಉರಿಯುತ್ತಿತ್ತು. ಬ್ರೈಡಿ ಕಿಟಕಿಯ ಹತ್ತಿರ ಓಡಾಡುತ್ತಿದ್ದಳು. ಇಷ್ಟು ವರ್ಷ ದೋಣಿ ಹಾಕಿದರೂ ಆ ಕಡೆ ನಿಂತು ಕಾದವನು ನಾನಲ್ಲ ಎಂದು ಯೋಚಿಸುತ್ತಿದ್ದೆ. ಕತ್ತಲಾಗುತ್ತಿದ್ದಂತೆ ಎದ್ದು ಬಂದುಬಿಟ್ಟೆ. ಟವೆಲ್ ಅಲ್ಲೇ ಇತ್ತು. ಬೆಳಿಗ್ಗೆ ಸಾಮಾನು ಕಟ್ಟುವಾಗ ಅದು ಕಾಣುತ್ತಿತ್ತು. ನೀನು ನೋಡಿ ತೆಗೆಯುತ್ತೀಯ ಎಂದುಕೊಂಡೆನೋ ಏನೋ.

ಅವಳು ನೀರಿಗಿಳಿಯುವಂತೆ ಮಾಡು. ನಾನು ಬರೆದರೆ ಓದುತ್ತಾಳೋ ಇಲ್ಲವೋ.

ಡೆಸ್ಮಂಡ್

*

ಪೈಪ್‌ಸ್ಟೆಮ್ ಕೆರೆ
26 ಆಗಸ್ಟ್ 1984

ಡೆಸ್ಮಂಡ್,

ನಿನ್ನೆ ಇಳಿದಳು. ಮೊದಲು ಕಟ್ಟೆಯ ಏಣಿ ಹಿಡಿದುಕೊಂಡೇ ಇದ್ದಳು. ನಾನು ಜೊತೆಗಿದ್ದೆ. ತೆಪ್ಪದವರೆಗೆ ಹೋಗಿ ಬಂದೆವು. ನಾನು ಹಿಂದೆ, ಅವಳು ಮುಂದೆ. ಆಗಾಗ ತಿರುಗಿ ನೋಡುತ್ತಿದ್ದಳು. ನೋಡಬೇಡ ಎನ್ನಲಿಲ್ಲ.

ನಿನ್ನ ಕಾಗದವನ್ನು ಅವಳಿಗೆ ಓದಲು ಕೊಟ್ಟೆ. ನಿನ್ನನ್ನು ಕೇಳಬೇಕಿತ್ತು, ಕೇಳಲಿಲ್ಲ.

ಸೂರಿನ ರಿಪೇರಿ ಆಯಿತು.

ವಿಲ್ಮಾ

*

ಪೈಪ್‌ಸ್ಟೆಮ್ ಕೆರೆ
8 ಅಕ್ಟೋಬರ್

ಅಪ್ಪ,

ಇವತ್ತು ಕಾಟೇಜು ಮುಚ್ಚಿದೆವು. ಎಲೆಗಳೆಲ್ಲ ಕೆಂಪಾಗಿವೆ. ಈಗ ಆ ಕಡೆ ಟವೆಲ್ ಕಟ್ಟಿದರೂ ಯಾರಿಗೂ ಕಾಣುವುದಿಲ್ಲ. ಟಟಲ್ ತಾತ ಕಟ್ಟೆಯನ್ನು ಮೇಲೆ ಎಳೆಯಲು ಬಂದಿದ್ದರು. ಹಬ್ಬದ ಟರ್ಕಿ ಕೋಳಿಯ ದೊಡ್ಡ ಕಾಲು ಅವರೇ ತಿಂದರು. "ನಿಮ್ಮಪ್ಪ ಇದ್ದಿದ್ರೆ ಕಟ್ಟೆ ಎಳೆಯೋಕೆ ಇಷ್ಟು ಹೊತ್ತಾಗ್ತಿರ್ಲಿಲ್ಲ" ಎಂದರು. ಅಮ್ಮ ಅವರ ತಟ್ಟೆಗೆ ಇನ್ನಷ್ಟು ಆಲೂಗಡ್ಡೆ ಹಾಕಿದಳು, ಬಾಯಿ ತುಂಬಲಿ ಅಂತ.

ನಾನು ತೊಲೆಯ ಮೇಲಿನ ಹೆಸರುಗಳನ್ನು ಓದಿದೆ. ಅಲ್ಲಿ ನಿನ್ನ ಹೆಸರಿಲ್ಲ. ನೀನು ಎಲ್ಲರ ಹಿಂದೆ ಹೋಗಿದ್ದೀಯ, ಆದರೆ ದಾಟಿಲ್ಲ. ದಾಟುತ್ತೀಯಾ ಎಂದು ನಿನ್ನನ್ನು ಯಾರೂ ಕೇಳಲೇ ಇಲ್ಲವಂತೆ, ಅಮ್ಮ ಹೇಳಿದಳು.

ಅದಕ್ಕೆ ನಾನು ಒಂದು ಯೋಚನೆ ಮಾಡಿದ್ದೇನೆ. ಮುಂದಿನ ಬೇಸಿಗೆ ಜುಲೈ 31ರಂದು ಮೊದಲು ನೀನು ದಾಟು. ಆ ಕಡೆ ನಾನು ಟವೆಲ್ ಹಿಡಿದು ನಿಂತಿರುತ್ತೇನೆ, ಹಿಂದೆ ಅಮ್ಮ ದೋಣಿ ತರುತ್ತಾಳೆ. ನೀನು ದಾಟಿದ ಮೇಲೆ ಹೇಗೂ ಆ ಕಡೆಯೇ ಇರುತ್ತೀಯಲ್ಲ, ಟವೆಲ್ ನಿನಗೆ ಕೊಡುತ್ತೇನೆ. ನಾನು ಅಮ್ಮನ ಜೊತೆ ದೋಣಿಯಲ್ಲಿ ಈ ಕಡೆ ಬಂದು ಸರಿಯಾಗಿ ದಾಟುತ್ತೇನೆ. ಆಗ ನನಗೆ ಹದಿಮೂರು ಆಗಿರುತ್ತದೆ. ಪರವಾಗಿಲ್ಲ, ನಿನಗೆ ನಲವತ್ತೊಂದು.

ಅಮ್ಮನನ್ನು ಕೇಳಿದೆ. ಅವಳು ಹೂಂ ಅನ್ನಲಿಲ್ಲ, ಉಹೂಂ ಕೂಡ ಅನ್ನಲಿಲ್ಲ. "ಆ ಬಳೆಗಳಿಗೆ ಮೊದಲು ಗ್ರೀಸ್ ಬೇಕು" ಎಂದಳು.

ಟವೆಲ್ ನನ್ನ ಹತ್ತಿರ ಇದೆ. ಊರಿಗೆ ತೆಗೆದುಕೊಂಡು ಹೋಗುತ್ತೇನೆ.

ಬ್ರೈಡಿ

*

ಹ್ಯಾಮಿಲ್ಟನ್
17 ಮಾರ್ಚ್ 1985

ವಿಲ್ಮಾ,

ಇದರ ಜೊತೆ ಗ್ರೀಸ್ ಡಬ್ಬಿ ಕಳಿಸುತ್ತಿದ್ದೇನೆ. ಲಿಫ್ಟ್‌ಗೆ ಹಾಕುವ ಒಳ್ಳೆಯ ಮಾಲು, ನೀರಿಗೆ ಕರಗುವುದಿಲ್ಲ. ಮೇ ತಿಂಗಳಲ್ಲಿ ಕಾಟೇಜು ತೆರೆದಾಗ ಹಚ್ಚಿಕೋ. ನಾನು ಹಚ್ಚುತ್ತೇನೆ ಎಂದು ಮತ್ತೆ ಬರೆಯುವ ಧೈರ್ಯವಿಲ್ಲ.

ಬ್ರೈಡಿ ಪ್ರತಿ ಕಾಗದದಲ್ಲೂ 31ರ ವಿಷಯ ಕೇಳುತ್ತಾಳೆ. ನೀನೇನು ಅಂದುಕೊಂಡಿದ್ದೀಯೋ ನನಗೆ ತಿಳಿಯದು. ಒತ್ತಾಯವಿಲ್ಲ.

ಚಳಿಗಾಲದಿಂದ ಈಜು ಕಲಿಯಲು ಇಲ್ಲಿನ ಈಜುಕೊಳಕ್ಕೆ ಹೋಗುತ್ತಿದ್ದೇನೆ. ನನ್ನ ತಂಡದಲ್ಲಿ ಉಳಿದವರಿಗೆಲ್ಲ ಆರೇಳು ವರ್ಷ. ಅವರಲ್ಲೊಬ್ಬಳು ಕಳೆದ ವಾರ, "ಅಂಕಲ್, ಮೂಗು ಹಿಡ್ಕೋಬೇಡಿ, ಎಲ್ರೂ ನಗ್ತಾರೆ" ಎಂದಳು. ಮೂಗು ಬಿಟ್ಟೆ, ನೀರು ಕುಡಿದೆ, ಆಗಲೂ ನಕ್ಕರು. ಈಗ ನಿಲ್ಲದೆ ಆ ತುದಿಗೆ ಹೋಗಿ ಬರುತ್ತೇನೆ. ಕೆರೆಯ ಮಾತು ಬೇರೆ, ಗೊತ್ತು. ಅಲ್ಲಿ ನಡುವೆ ಹಿಡಿದುಕೊಳ್ಳಲು ಗೋಡೆಯಿಲ್ಲ.

ಡೆಸ್ಮಂಡ್

*

ಗ್ವೆಲ್ಫ್
28 ಮಾರ್ಚ್ 1985

ಡೆಸ್ಮಂಡ್,

ಹಾಳೆಯ ಪ್ರಕಾರ 31ರಂದು ನೀನು ಮಧ್ಯಾಹ್ನ ಹೊರಡಬೇಕು. ನಾನು ರಜೆ ಹಾಕಿ 30ರ ರಾತ್ರಿಯೇ ಬಂದು ಟಟಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಉಳಿಯುತ್ತೇನೆ. ಬೆಳಿಗ್ಗೆ ಗಾಳಿ ಏಳುವ ಮೊದಲು ಕಟ್ಟೆಯಲ್ಲಿರುತ್ತೇನೆ. ಇದು ಹಾಳೆಯಲ್ಲಿಲ್ಲ, ವಕೀಲರಿಗೆ ತಿಳಿಸುವ ಅಗತ್ಯವೂ ಇಲ್ಲ.

ಮೈ ಒರೆಸಿಕೊಳ್ಳಲು ಬೇರೆ ಟವೆಲ್ ತಾ. ಕೆಂಪಿನದನ್ನು ಬ್ರೈಡಿ ಯಾರ ಕೈಗೂ ಕೊಡುತ್ತಿಲ್ಲ.

ಗ್ರೀಸ್ ಡಬ್ಬಿಯನ್ನು ವಾಪಸ್ ಕಳಿಸಿದ್ದೇನೆ, ತೆರೆದಿಲ್ಲ. ಬಳೆಗಳು ಹಾಗೇ ಕಿರುಗುಟ್ಟಲಿ. ನೀನು ತಿರುಗಿ ನೋಡುವಂತಿಲ್ಲ. ನಾನು ಹಿಂದೆ ಇದ್ದೇನೆ ಎಂದು ನಿನಗೆ ಕೇಳಿಸಬೇಕು.

ವಿಲ್ಮಾ